ದಕ್ಷಿಣ ಕೊರಿಯಾದ ಥೀಮ್ ಪಾರ್ಕ್‌ಗಳಲ್ಲಿ ಊಟೋಪಚಾರ

ದಕ್ಷಿಣ ಕೊರಿಯಾದ ಥೀಮ್ ಪಾರ್ಕ್‌ಗಳಲ್ಲಿ ಊಟೋಪಚಾರ ಎಂಬ ಈ ಲೇಖನವು ಆ ದೇಶದ ದೊಡ್ಡ ಮನೋರಂಜನಾ ಉದ್ಯಾನಗಳಲ್ಲಿ ಒಂದು ಇಡೀ ದಿನವನ್ನು ಕಳೆಯುವವರಿಗೆ ದೊರೆಯುವ ಊಟ, ತಿಂಡಿ ಮತ್ತು ಪಾನೀಯಗಳ ವ್ಯವಸ್ಥೆಯನ್ನು ಕುರಿತದ್ದು. ಗ್ಯೊಂಗಿ ಪ್ರಾಂತ್ಯದ ಯೊಂಗಿನ್ ನಗರದಲ್ಲಿರುವ ಎವರ್‌ಲ್ಯಾಂಡ್ ಹಾಗೂ ಕೊರಿಯನ್ ಜಾನಪದ ಗ್ರಾಮ, ರಾಜಧಾನಿ ಸೋಲ್ ನಗರದ ಜಾಮ್‌ಶಿಲ್ ಬಡಾವಣೆಯಲ್ಲಿರುವ ಲೊಟ್ಟೆ ವರ್ಲ್ಡ್ ಇವು ಇಲ್ಲಿ ಮುಖ್ಯವಾಗಿ ಪರಿಶೀಲಿತವಾಗಿವೆ. ಈ ಉದ್ಯಾನಗಳಲ್ಲಿ ಬರ್ಗರ್, ಪಿಜ್ಜಾಗಳಂತಹ ಪಾಶ್ಚಾತ್ಯ ತಿನಿಸುಗಳ ಜೊತೆಗೆ ಅನ್ನ, ಸಾರು, ವ್ಯಂಜನಗಳಿಂದ ಕೂಡಿದ ದೇಶೀಯ ಊಟವೂ ಸಿಗುತ್ತದೆ. ಆದರೆ ಎಲ್ಲಿ ಏನು ಸಿಗುತ್ತದೆ ಎಂಬುದನ್ನು ಮೊದಲೇ ತಿಳಿಯದೆ ಹೋದವರು ಜನಜಂಗುಳಿಯ ದಿನಗಳಲ್ಲಿ ಹೊತ್ತನ್ನೂ ಹಣವನ್ನೂ ಕಳೆದುಕೊಳ್ಳುವುದುಂಟು. ಸಸ್ಯಾಹಾರಿಗಳಿಗಂತೂ ಇದು ಅರೆಹೊಟ್ಟೆಯಲ್ಲಿ ದಿನ ದೂಡುವ ಪ್ರಶ್ನೆಯಾಗುತ್ತದೆ.

ಹಿನ್ನೆಲೆ

ಕೊರಿಯನ್ ಭಾಷೆಯಲ್ಲಿ 'ಬಾಪ್' ಎಂಬ ಪದಕ್ಕೆ ಬೇಯಿಸಿದ ಅನ್ನ ಎಂಬ ಅರ್ಥವೂ ಊಟ ಎಂಬ ಅರ್ಥವೂ ಇದೆ. ಎದುರಾದವರನ್ನು 'ಊಟ ಆಯಿತೆ?' ಎಂದು ವಿಚಾರಿಸುವ ರೂಢಿ ಕನ್ನಡ ನಾಡಿನಲ್ಲಿರುವಂತೆ ಅಲ್ಲಿಯೂ ಇದೆ. ಅನ್ನ, ಸಾರು ಮತ್ತು 'ಬಾಂಚಾನ್' ಎಂದು ಕರೆಯುವ ಚಿಕ್ಕ ಚಿಕ್ಕ ವ್ಯಂಜನಗಳು ಸೇರಿದರೆ ಮಾತ್ರ ಅದು ಊಟವೆನಿಸುತ್ತದೆ. ಈ ಭಾವನೆ ಬಲವಾಗಿರುವುದರಿಂದಲೇ ವಿದೇಶೀ ಮಾದರಿಯಲ್ಲಿ ರೂಪುಗೊಂಡ ಉದ್ಯಾನಗಳಲ್ಲಿಯೂ ಅನ್ನದ ಊಟದ ಭೋಜನಶಾಲೆಗಳು ಉಳಿದುಕೊಂಡಿವೆ.

ದೊಡ್ಡ ಉದ್ಯಾನಗಳು ಬರುವ ಮೊದಲು ವಿಹಾರದ ಊಟವೆಂದರೆ ಮನೆಯಿಂದ ಕಟ್ಟಿಕೊಂಡು ಹೋದ ಬುತ್ತಿ. ಇದಕ್ಕೆ 'ದೊಶಿರಾಕ್' ಎಂದು ಹೆಸರು. ಶಾಲಾ ಮಕ್ಕಳ ಹೊರಸಂಚಾರಕ್ಕೆ 'ಸೊಪುಂಗ್' ಎನ್ನುತ್ತಾರೆ. ಅದರ ಬುತ್ತಿಯಲ್ಲಿ ಕಿಂಬಾಪ್ ಇರಲೇಬೇಕು. ಒಣಗಿಸಿದ ಕಡಲಕಳೆಯ ಹಾಳೆಯ ಮೇಲೆ ಅನ್ನವನ್ನು ಹರಡಿ, ನಡುವೆ ತರಕಾರಿ, ಮೊಟ್ಟೆ ಮುಂತಾದವನ್ನಿಟ್ಟು ಸುರುಳಿ ಸುತ್ತಿ, ಬಿಲ್ಲೆಗಳಾಗಿ ಕತ್ತರಿಸಿದರೆ ಕಿಂಬಾಪ್ ಸಿದ್ಧ. ಇದರೊಂದಿಗೆ ಬೇಯಿಸಿದ ಮೊಟ್ಟೆ ಮತ್ತು 1950ರಲ್ಲಿ ಮಾರುಕಟ್ಟೆಗೆ ಬಂದ ಚಿಲ್‌ಸುಂಗ್ ಸೈಡರ್ ಎಂಬ ನಿಂಬೆ ರುಚಿಯ ಸೋಡಾ ಸೇರಿದರೆ ಒಂದು ತಲೆಮಾರಿನ ಕೊರಿಯನ್ನರ ಬಾಲ್ಯದ ವಿಹಾರ ಕಣ್ಣಮುಂದೆ ನಿಲ್ಲುತ್ತದೆ. ಸೋಲ್‌ನ ಮಕ್ಕಳ ಮಹಾ ಉದ್ಯಾನವು 1973ರ ಮೇ 5ರಂದು, ಅಂದರೆ ಅಲ್ಲಿನ ಮಕ್ಕಳ ದಿನಾಚರಣೆಯಂದು ಆರಂಭವಾಯಿತು. ಅದರ ಹುಲ್ಲುಹಾಸುಗಳ ಮೇಲೆ ಚಾಪೆ ಹಾಸಿ ಬುತ್ತಿ ಬಿಚ್ಚುವ ಕುಟುಂಬಗಳನ್ನು ಇಂದಿಗೂ ಕಾಣಬಹುದು.

ಎವರ್‌ಲ್ಯಾಂಡ್

ಎವರ್‌ಲ್ಯಾಂಡ್ 1976ರಲ್ಲಿ 'ಜಾಯೊನ್ ನೊಂಗ್ವೊನ್', ಅಂದರೆ 'ಪ್ರಕೃತಿ ತೋಟ' ಎಂಬ ಹೆಸರಿನಲ್ಲಿ ಆರಂಭವಾಗಿ 1996ರಲ್ಲಿ ಈಗಿನ ಹೆಸರನ್ನು ಪಡೆಯಿತು. ಸ್ಯಾಮ್‌ಸಂಗ್ ಸಮೂಹಕ್ಕೆ ಸೇರಿದ ಈ ಉದ್ಯಾನದಲ್ಲಿ ಗ್ಲೋಬಲ್ ಫೇರ್, ಅಮೆರಿಕನ್ ಅಡ್ವೆಂಚರ್, ಮ್ಯಾಜಿಕ್ ಲ್ಯಾಂಡ್, ಯುರೋಪಿಯನ್ ಅಡ್ವೆಂಚರ್ ಮತ್ತು ಜೂಟೋಪಿಯಾ ಎಂಬ ಐದು ವಲಯಗಳಿವೆ. ನೆರೆಯ ಸುವೊನ್ ನಗರದಲ್ಲಿ ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್‌ನ ಪ್ರಧಾನ ಕಚೇರಿಯಿದೆ, ಬೆಂಗಳೂರಿನಲ್ಲಿ ಅದರ ಸಂಶೋಧನಾ ಕೇಂದ್ರವಿದೆ. ಕೆಲಸದ ನಿಮಿತ್ತ ಸುವೊನ್‌ಗೆ ಹೋಗುವ ಭಾರತೀಯರಿಗೆ ರಜೆಯ ದಿನದಲ್ಲಿ ಸಮೀಪವಾಗುವ ತಾಣಗಳಲ್ಲಿ ಇದೂ ಒಂದು.

ಇಲ್ಲಿ ಊಟದ ಸ್ಥಳವನ್ನು ಆರಿಸುವಾಗ ನೆಲದ ಏರಿಳಿತವನ್ನು ಗಮನಿಸುವುದು ಅಗತ್ಯ. ಉದ್ಯಾನವು ಗುಡ್ಡದ ಇಳಿಜಾರಿನಲ್ಲಿದೆ. ಪ್ರವೇಶದ್ವಾರ ಎತ್ತರದಲ್ಲಿದ್ದು, ಹೂದೋಟಗಳೂ ಪ್ರಾಣಿಗಳ ವಲಯವೂ ತಗ್ಗಿನಲ್ಲಿವೆ. ಬೆಳಗ್ಗೆ ಉತ್ಸಾಹದಿಂದ ಇಳಿದವರು ಮಧ್ಯಾಹ್ನದ ಊಟಕ್ಕೆಂದೇ ಮತ್ತೆ ಮೇಲಕ್ಕೆ ಹತ್ತಬೇಕಾದರೆ ಮಕ್ಕಳೂ ವೃದ್ಧರೂ ಬಳಲುತ್ತಾರೆ. ಮೇಲಕ್ಕೂ ಕೆಳಕ್ಕೂ ತಂತಿಯ ಮೇಲೆ ಚಲಿಸುವ ತೂಗುಕುರ್ಚಿಗಳ ವ್ಯವಸ್ಥೆಯಿದೆಯಾದರೂ ಅದಕ್ಕೂ ಸರದಿ ನಿಲ್ಲಬೇಕು. ಆದ್ದರಿಂದ ಮಧ್ಯಾಹ್ನದ ಹೊತ್ತಿಗೆ ಯಾವ ವಲಯದಲ್ಲಿ ಇರುತ್ತೇವೆಂಬುದನ್ನು ಬೆಳಗ್ಗೆಯೇ ಗೊತ್ತುಮಾಡಿಕೊಂಡು, ಅದೇ ವಲಯದ ಭೋಜನಶಾಲೆಯನ್ನು ನೆಚ್ಚಿಕೊಳ್ಳುವುದು ಮೇಲು.

ಅನ್ನದ ಊಟಕ್ಕೆ ಇಲ್ಲಿ ಹೆಸರಾದದ್ದು 'ಹಾನ್‌ಗರಾಮ್' ಎಂಬ ಕೊರಿಯನ್ ಭೋಜನಶಾಲೆ. 'ಗರಾಮ್' ಎಂಬುದು ಹೊಳೆಗೆ ಇರುವ ಹಳೆಯ ಕೊರಿಯನ್ ಪದ, 'ಹಾನ್' ಎಂದರೆ ದೊಡ್ಡದು. ಅನ್ನದ ಮೇಲೆ ಬಗೆಬಗೆಯ ತರಕಾರಿಗಳನ್ನೂ ಮೆಣಸಿನಕಾಯಿಯ ಹುದುಗು ಚಟ್ನಿಯನ್ನೂ ಇಟ್ಟು ಕಲಸಿಕೊಂಡು ತಿನ್ನುವ ಬಿಬಿಂಬಾಪ್, ಮಾಂಸದ ಸಾರುಗಳು, ಸುಟ್ಟ ಮಾಂಸದ ಬುಲ್ಗೊಗಿ ಮುಂತಾದವು ಇಂತಹ ಕಡೆಗಳ ಸಾಮಾನ್ಯ ಅಡುಗೆಗಳು. ಯುರೋಪಿಯನ್ ಅಡ್ವೆಂಚರ್ ವಲಯದ 'ಹಾಲೆಂಡ್ ವಿಲೇಜ್' ಡಚ್ ಶೈಲಿಯ ಮನೆಗಳ ನಡುವಿನ ತೆರೆದ ಅಂಗಳ. ಅಲ್ಲಿ ಸಾಸೇಜ್, ಕೋಳಿ ಮತ್ತು ಬಿಯರ್ ಪ್ರಧಾನ. ಇಲ್ಲಿನ ಗುಲಾಬಿ ಉತ್ಸವ 1985ರಿಂದ ನಡೆದುಬಂದಿದೆ, ವಸಂತದಲ್ಲಿ ಟ್ಯುಲಿಪ್ ಉತ್ಸವ ನಡೆಯುತ್ತದೆ. ಹೂವಿನ ಕಾಲದಲ್ಲಿ ಹೊರಾಂಗಣದ ಮೇಜುಗಳಿಗೆ ಬೇಡಿಕೆ ಹೆಚ್ಚು.

ಮಕ್ಕಳಿರುವ ಕುಟುಂಬಗಳು ಹೆಚ್ಚಾಗಿ ಆರಿಸುವುದು ದೊನ್‌ಕಾಸು. ಹಂದಿಮಾಂಸವನ್ನು ತೆಳುವಾಗಿ ಬಡಿದು, ಬ್ರೆಡ್ಡಿನ ಪುಡಿ ಹಚ್ಚಿ ಕರಿದು, ಮೇಲೆ ಗಟ್ಟಿ ಸಾಸ್ ಸುರಿದು ಬಡಿಸುವ ಈ ತಿನಿಸು ಜಪಾನಿನ ಮಾರ್ಗವಾಗಿ ಬಂದದ್ದು. ಕೊರಿಯಾದ ಉದ್ಯಾನಗಳ ಭೋಜನಶಾಲೆಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಹೆಸರು ಓದಲು ಬಾರದವರೂ ಚಿತ್ರ ನೋಡಿ ಇದನ್ನೇ ತೋರಿಸಿ ಕೇಳುತ್ತಾರೆ. 2016ರಲ್ಲಿ ದೈತ್ಯ ಪಾಂಡಾಗಳು ಬಂದ ಮೇಲೆ, ಅದರಲ್ಲೂ 2020ರ ಜುಲೈನಲ್ಲಿ ಫು ಬಾವೊ ಎಂಬ ಪಾಂಡಾ ಮರಿ ಹುಟ್ಟಿದ ಮೇಲೆ, ಪಾಂಡಾ ಮುಖದ ಸಿಹಿತಿನಿಸುಗಳಿಗೂ ಬೇಡಿಕೆ ಬಂತು. ಆ ಮರಿ 2024ರ ಏಪ್ರಿಲ್‌ನಲ್ಲಿ ಚೀನಾಕ್ಕೆ ಮರಳಿತು. ಇಂತಹ ತಿನಿಸುಗಳಲ್ಲಿ ರುಚಿಗಿಂತ ರೂಪಕ್ಕೆ ತೆರುವ ಬೆಲೆಯೇ ಹೆಚ್ಚು.

ಲೊಟ್ಟೆ ವರ್ಲ್ಡ್

ಲೊಟ್ಟೆ ವರ್ಲ್ಡ್ 1989ರ ಜುಲೈ 12ರಂದು ಆರಂಭವಾಯಿತು. ಗಾಜಿನ ಚಾವಣಿಯ ಕೆಳಗಿರುವ 'ಅಡ್ವೆಂಚರ್' ಮತ್ತು ಸೊಕ್‌ಚೊನ್ ಕೆರೆಯ ನಡುವಿನ 'ಮ್ಯಾಜಿಕ್ ಐಲ್ಯಾಂಡ್' ಇದರ ಎರಡು ಭಾಗಗಳು. ಸೋಲ್ ಮೆಟ್ರೊದ 2 ಮತ್ತು 8ನೆಯ ಮಾರ್ಗಗಳು ಸಂಧಿಸುವ ಜಾಮ್‌ಶಿಲ್ ನಿಲ್ದಾಣಕ್ಕೆ ಇದು ಹೊಂದಿಕೊಂಡಿದೆ. ಮಳೆಗಾಲದಲ್ಲಿಯೂ ಕೊರೆಯುವ ಚಳಿಯಲ್ಲಿಯೂ ಸೂರಿನಡಿ ಕುಳಿತು ಉಣ್ಣಬಹುದಾದುದು ಇದರ ದೊಡ್ಡ ಅನುಕೂಲ.

ಈ ಉದ್ಯಾನದ ಒಡೆತನ ಮೂಲತಃ ತಿನಿಸು ಮಾರುವವರದೇ. ಶಿನ್ ಗ್ಯೊಕ್‌ಹೊ 1948ರಲ್ಲಿ ಜಪಾನಿನಲ್ಲಿ ಚ್ಯೂಯಿಂಗ್ ಗಮ್ ವ್ಯಾಪಾರದಿಂದ ಕಟ್ಟಿದ ಲೊಟ್ಟೆ ಸಂಸ್ಥೆ 1967ರಲ್ಲಿ ಕೊರಿಯಾದಲ್ಲಿ ಮಿಠಾಯಿ ಕಂಪನಿಯನ್ನು ತೆರೆಯಿತು. 2004ರಲ್ಲಿ ಚೆನ್ನೈಯ ಪ್ಯಾರಿಸ್ ಮಿಠಾಯಿ ಕಂಪನಿಯನ್ನು ಕೊಂಡಿತು. ಕರ್ನಾಟಕದ ಅಂಗಡಿಗಳಲ್ಲಿ ಮಾರುವ ಲೊಟ್ಟೆ ಚಾಕೊ ಪೈ ಇದೇ ಮನೆತನದ್ದು. ಸಮೂಹದ ತ್ವರಿತ ಆಹಾರ ಮಳಿಗೆ 'ಲೊಟ್ಟೆರಿಯಾ' 1979ರಿಂದ ನಡೆಯುತ್ತಿದ್ದು, 1992ರಲ್ಲಿ ಬುಲ್ಗೊಗಿ ಬರ್ಗರ್ ಅನ್ನು ಪರಿಚಯಿಸಿತು. ಸಿಹಿ ಸೋಯಾ ರಸದಲ್ಲಿ ನೆನೆಸಿದ ಮಾಂಸದ ರುಚಿಯನ್ನು ಬನ್ನಿನೊಳಗೆ ತಂದ ಆ ಬರ್ಗರ್ ಉದ್ಯಾನಕ್ಕೆ ಬರುವ ವಿದ್ಯಾರ್ಥಿಗಳಿಗೆ ಈಗಲೂ ಪ್ರಿಯ. ಬಾಡಿಗೆಗೆ ತಂದ ಶಾಲಾ ಸಮವಸ್ತ್ರ ತೊಟ್ಟು ಇಲ್ಲಿ ಸುತ್ತಾಡುವುದು ಶಾಲೆ ಮುಗಿಸಿದ ತರುಣ ತರುಣಿಯರಿಗೂ ಒಂದು ಷೋಕಿ.

ಇಲ್ಲಿಯ ಜಾನಪದ ವಸ್ತುಸಂಗ್ರಹಾಲಯಕ್ಕೆ ಸೇರಿದಂತೆ ಹಳೆಯ ಪೇಟೆಬೀದಿಯ ಮಾದರಿಯೊಂದಿದೆ. ಅದನ್ನು 'ಜೊಜಾತ್ ಗೊರಿ' ಎನ್ನುತ್ತಾರೆ. ಮರದ ಕಂಬ, ತಗ್ಗು ಸೂರುಗಳ ನಡುವೆ ಕೊರಿಯನ್ ಊಟ ಬಡಿಸುವ ಈ ಬೀದಿ, ಸವಾರಿಗಳ ಗದ್ದಲದಿಂದ ಬೇಸತ್ತ ಹಿರಿಯರಿಗೆ ತಕ್ಕ ಜಾಗ. ಪಕ್ಕದಲ್ಲೇ 2014ರಲ್ಲಿ ತೆರೆದ ಲೊಟ್ಟೆ ವರ್ಲ್ಡ್ ಮಾಲ್‌ನಲ್ಲಿ ಭೋಜನಶಾಲೆಗಳ ಆಯ್ಕೆ ಇನ್ನೂ ವಿಸ್ತಾರವಾಗಿದೆ. ಹೊರಗೆ ಹೋಗಿ ಉಂಡು ಬರುವ ಯೋಚನೆಯಿದ್ದರೆ ಮರುಪ್ರವೇಶದ ನಿಯಮವನ್ನು ಬಾಗಿಲಲ್ಲಿಯೇ ಕೇಳಿಕೊಳ್ಳುವುದು ಕ್ಷೇಮ.

ಕೊರಿಯನ್ ಜಾನಪದ ಗ್ರಾಮದ ಸಂತೆ

ಉದ್ಯಾನದ ವಿಷಯಕ್ಕೂ ಅಲ್ಲಿನ ಊಟಕ್ಕೂ ನಿಜವಾದ ಸಂಬಂಧವಿರುವುದು ಕೊರಿಯನ್ ಜಾನಪದ ಗ್ರಾಮದಲ್ಲಿ. 1974ರ ಅಕ್ಟೋಬರ್ 3ರಂದು ತೆರೆದ ಈ ತಾಣದಲ್ಲಿ ಜೊಸೊನ್ ರಾಜವಂಶದ ಕಾಲದ ಜೀವನವನ್ನು ತೋರಿಸಲು ವಿವಿಧ ಪ್ರಾಂತ್ಯಗಳ ಹುಲ್ಲುಮನೆ, ಹಂಚಿನ ಮನೆಗಳನ್ನು ಒಂದೆಡೆ ತರಲಾಗಿದೆ. ಕಮ್ಮಾರಿಕೆ, ಕುಂಬಾರಿಕೆಗಳ ಕೆಲಸದ ಮನೆಗಳಿವೆ. 'ನೊಂಗಾಕ್' ಎಂಬ ರೈತರ ವಾದ್ಯಮೇಳ, 'ಜುಲ್ತಾಗಿ' ಎಂಬ ಹಗ್ಗದ ಮೇಲಿನ ನಡಿಗೆ ನಿತ್ಯದ ಪ್ರದರ್ಶನಗಳು. ಇವೆರಡೂ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿವೆ. ಆಟದ ಸವಾರಿಗಳಿಗೆ ಪ್ರತ್ಯೇಕ ಭಾಗವಿದೆ.

ಗ್ರಾಮದ ಊಟದ ಜಾಗವನ್ನು 'ಜಾಂಗ್‌ತೊ' ಎಂದು ಕರೆಯುತ್ತಾರೆ. ಸಂತೆಮಾಳ ಎಂಬುದು ಇದಕ್ಕೆ ಸರಿಹೊಂದುವ ಕನ್ನಡ ಪದ. ಹಿಂದಿನ ಕೊರಿಯಾದಲ್ಲಿ ಸಂತೆ ನೆರೆಯುತ್ತಿದ್ದುದು ಐದು ದಿನಕ್ಕೊಮ್ಮೆ. ವ್ಯಾಪಾರಿಗಳು ಒಂದು ಊರಿನ ಸಂತೆ ಮುಗಿಸಿ ಮುಂದಿನ ಊರಿಗೆ ನಡೆಯುತ್ತಿದ್ದರು. ಅವರಿಗೆ ಊಟ, ಹೆಂಡ, ಮಲಗುವ ಜಾಗ ಒದಗಿಸುತ್ತಿದ್ದ ದಾರಿಬದಿಯ ಮನೆಯೇ 'ಜುಮಾಕ್'. ಗ್ರಾಮದ ಸಂತೆಮಾಳದ ಅಡುಗೆಗಳು ಈ ಪರಂಪರೆಯನ್ನು ಅನುಸರಿಸಿವೆ.

ಅವುಗಳಲ್ಲಿ ಮುಖ್ಯವಾದುದು ಗುಕ್‌ಬಾಪ್. ಹೆಸರಿನ ಅರ್ಥ ಸಾರು-ಅನ್ನ. ದೊಡ್ಡ ಕಬ್ಬಿಣದ ಹಂಡೆಯಲ್ಲಿ ಮಾಂಸದ ಸಾರು ಇಡೀ ದಿನ ಕುದಿಯುತ್ತಿರುತ್ತದೆ. ಬಟ್ಟಲಿನಲ್ಲಿ ತಣ್ಣನೆಯ ಅನ್ನವನ್ನು ಹಾಕಿ, ಅದರ ಮೇಲೆ ಬಿಸಿ ಸಾರನ್ನು ಸುರಿಯುವುದು, ಬಸಿಯುವುದು, ಮತ್ತೆ ಸುರಿಯುವುದು ಹಳೆಯ ಕ್ರಮ. ಹೀಗೆ ಹಲವು ಸಲ ಮಾಡಿದಾಗ ಅಗುಳಿನ ಒಳಗೆಲ್ಲ ಬಿಸಿಯೂ ರುಚಿಯೂ ಇಳಿದು, ಬಾಯಿ ಸುಡದ ಹದಕ್ಕೆ ಬರುತ್ತದೆ. ಈ ಕ್ರಮಕ್ಕೆ 'ತೊರ್ಯೊಮ್' ಎಂದು ಹೆಸರು. ಅನ್ನವನ್ನು ಬಿಸಿಯಾಗಿಡುವ ವಿದ್ಯುತ್ ಪಾತ್ರೆಗಳಿಲ್ಲದ ಕಾಲದಲ್ಲಿ, ಯಾವ ಹೊತ್ತಿಗೆ ಬಂದ ದಾರಿಹೋಕನಿಗೂ ಕ್ಷಣದಲ್ಲಿ ಬಿಸಿಯೂಟ ಕೊಡಲು ಜುಮಾಕ್ ಒಡತಿಯರು ಬಳಸುತ್ತಿದ್ದ ಉಪಾಯವಿದು.

ಈರುಳ್ಳಿ ಹೂವಿನ ಉದ್ದ ಎಸಳುಗಳನ್ನು ಹಿಟ್ಟಿನಲ್ಲಿ ಹಾಸಿ ಕಾವಲಿಯ ಮೇಲೆ ಎರೆಯುವ 'ಪಾಜೊನ್' ಸಂತೆಯ ಮತ್ತೊಂದು ತಿನಿಸು. ನೆನೆಸಿ ರುಬ್ಬಿದ ಹೆಸರುಕಾಳಿನ 'ಬಿಂದೆತ್ತೊಕ್' ನೋಡಲು ಹೆಸರುಬೇಳೆ ದೋಸೆಯ ದಪ್ಪ ರೂಪದಂತಿದೆ. ಆದರೆ ಅದರಲ್ಲಿ ಹಂದಿಮಾಂಸ ಬೆರೆಸುವ ರೂಢಿಯುಂಟು. ಓಕ್ ಮರದ ಕಾಯಿಗಳ ಒಗರನ್ನು ನೀರಿನಲ್ಲಿ ತೆಗೆದು, ಅದರ ಗಂಜಿಯನ್ನು ಕಾಯಿಸಿ ಗಟ್ಟಿಯಾಗಿಸಿದ 'ದೊತೊರಿಮುಕ್' ಬರಗಾಲದಲ್ಲಿ ಬಡವರ ಹೊಟ್ಟೆ ತುಂಬಿಸುತ್ತಿದ್ದ ಆಹಾರ. ಈಗ ಅದೇ ವಿಹಾರಕ್ಕೆ ಬಂದವರು ಬಯಸಿ ತಿನ್ನುವ ಪದಾರ್ಥವಾಗಿದೆ. ಅಗುಳುಗಳು ತೇಲುವ 'ದೊಂಗ್‌ದೊಂಗ್‌ಜು' ಎಂಬ ಅಕ್ಕಿಯ ಹೆಂಡವನ್ನು ಇವುಗಳೊಂದಿಗೆ ಕುಡಿಯುವ ಪದ್ಧತಿಯಿದೆ. ದೇಶದ ಕಾನೂನಿನಂತೆ 19 ವರ್ಷಕ್ಕಿಂತ ಕಿರಿಯರಿಗೆ ಮದ್ಯ ಮಾರುವಂತಿಲ್ಲ. ಮಕ್ಕಳಿಗೂ ಮದ್ಯ ಬೇಡದವರಿಗೂ ಮೊಳಕೆ ಬಾರ್ಲಿಯ ನೀರಿನಲ್ಲಿ ಅನ್ನ ನೆನೆಸಿ ಸಿಹಿಯಾಗಿಸಿದ 'ಶಿಖ್ಯೆ' ಇದೆ. ಶುಂಠಿ ಮತ್ತು ದಾಲ್ಚಿನ್ನಿಯ ತಣ್ಣನೆಯ ಕಷಾಯ 'ಸುಜೊಂಗ್ವಾ' ಕೂಡ ಇದೆ.

ತಿರುಗಾಟದ ತಿನಿಸುಗಳು

ಕೊರಿಯನ್ನರ ಮನಸ್ಸಿನಲ್ಲಿ ಮನೋರಂಜನಾ ಉದ್ಯಾನದೊಂದಿಗೆ ಬೆಸೆದುಕೊಂಡಿರುವ ತಿನಿಸು ಚುರೋಸ್. ಹಿಟ್ಟನ್ನು ಗೆರೆಗಳುಳ್ಳ ಉದ್ದ ಕೋಲಿನಂತೆ ಒತ್ತಿ ಕರಿದು, ಸಕ್ಕರೆ, ದಾಲ್ಚಿನ್ನಿ ಪುಡಿಯಲ್ಲಿ ಹೊರಳಿಸಿದ ಈ ಸ್ಪೇನ್ ಮೂಲದ ತಿಂಡಿಯನ್ನು ಕೈಯಲ್ಲಿ ಹಿಡಿದೇ ಸರದಿಯಲ್ಲಿ ನಿಲ್ಲುವವರು ಬಹಳ. ಗುಂಡು ಗುಂಡು ಹನಿಗಳಾಗಿ ಹೆಪ್ಪುಗಟ್ಟಿಸಿದ ಮಣಿ ಐಸ್‌ಕ್ರೀಮ್, ಒಂದೇ ಆಲೂಗಡ್ಡೆಯನ್ನು ಸುರುಳಿಯಾಗಿ ಕೊರೆದು ಕಡ್ಡಿಗೆ ಚುಚ್ಚಿ ಕರಿದದ್ದು, ಬೊಂಬಾಯಿ ಮಿಠಾಯಿ, ಸುಟ್ಟ ಚೆಸ್ಟ್‌ನಟ್ ಇವೂ ಎಲ್ಲೆಡೆ ಸಿಗುತ್ತವೆ. ಚಳಿಗಾಲದಲ್ಲಿ ಬೆಲ್ಲದ ಬಣ್ಣದ ಸಕ್ಕರೆಪಾಕ ತುಂಬಿದ 'ಹೊತ್ತೊಕ್' ತಿನ್ನುವಾಗ ಎಚ್ಚರ ಬೇಕು. ಒಳಗಿನ ಪಾಕ ನಾಲಗೆಯನ್ನು ಸುಡುವಷ್ಟು ಬಿಸಿಯಾಗಿರುತ್ತದೆ. 'ಬುಂಗೊಪ್ಪಾಂಗ್' ಮೀನಿನ ಆಕಾರದ ಅಚ್ಚಿನಲ್ಲಿ ಬೇಯಿಸಿದ ರೊಟ್ಟಿ. ಹೆಸರಿನಲ್ಲಿಯೂ ರೂಪದಲ್ಲಿಯೂ ಮೀನಿದೆಯಾದರೂ ಒಳಗಿರುವುದು ಕೆಂಪು ಕಾಳಿನ ಸಿಹಿ ಹೂರಣ ಮಾತ್ರ.

ಸಸ್ಯಾಹಾರಿಗಳ ತೊಡಕು

ಇದಕ್ಕೆ ವಿರುದ್ಧವಾಗಿ, ಕಣ್ಣಿಗೆ ಸಸ್ಯಾಹಾರವಾಗಿ ಕಾಣುವ ಅನೇಕ ಪದಾರ್ಥಗಳು ಹಾಗಿರುವುದಿಲ್ಲ. ಭಾರತದಿಂದ ಹೋದವರು ತಿಳಿದಿರಬೇಕಾದ ಮುಖ್ಯ ಸಂಗತಿ ಇದು. ಕೊರಿಯನ್ ಸಾರುಗಳ ತಳಹದಿ ಸಾಮಾನ್ಯವಾಗಿ ಚಿಕ್ಕ ಒಣಮೀನು ಮತ್ತು ಕಡಲಕಳೆಯನ್ನು ಕುದಿಸಿದ ನೀರು. ಬರೀ ತರಕಾರಿ, ಸೋಯಾ ಗಿಣ್ಣುಗಳು ತೇಲುವ ಸಾರಿನಲ್ಲಿಯೂ ಅದೇ ಇರುತ್ತದೆ. ಎಲೆಕೋಸಿನ ಕಿಮ್‌ಚಿಯಲ್ಲಿ ಉಪ್ಪು ಹಾಕಿದ ಸಿಗಡಿ ಅಥವಾ ಮೀನಿನ ರಸ ಸೇರುತ್ತದೆ. ಅಕ್ಕಿ ಕಡುಬಿನ ತುಂಡುಗಳನ್ನು ಖಾರದ ಗೊಜ್ಜಿನಲ್ಲಿ ಬೇಯಿಸಿದ 'ತೊಕ್‌ಬೊಕ್ಕಿ'ಯಲ್ಲಿ ಮೀನಿನ ಹಿಟ್ಟಿನಿಂದ ಮಾಡಿದ 'ಒಮುಕ್' ಇರುವುದು ವಾಡಿಕೆ. ಕಿಂಬಾಪ್‌ನಲ್ಲಿ ಹ್ಯಾಮ್ ಅಥವಾ ಮೊಟ್ಟೆಯಿರುತ್ತದೆ.

ಭಾಷೆಯೂ ಮೋಸ ಮಾಡುತ್ತದೆ. 'ಗೊಗಿ' ಎಂದರೆ ಮಾಂಸ. 'ಗೊಗಿ ಪ್ಪೆ ಜುಸೆಯೊ', ಅಂದರೆ 'ಮಾಂಸ ತೆಗೆದು ಕೊಡಿ' ಎಂದರೆ ದನ, ಹಂದಿಗಳ ಮಾಂಸವನ್ನು ತೆಗೆಯುತ್ತಾರೆ. ಆದರೆ ಮೀನು, ಸಿಗಡಿ, ಮೊಟ್ಟೆಗಳು ಆ ಮಾತಿನಲ್ಲಿ ಸೇರಿವೆಯೆಂದು ಬಡಿಸುವವರು ಭಾವಿಸುವುದಿಲ್ಲ. ಆದ್ದರಿಂದ 'ಗ್ಯೆರಾನ್' (ಮೊಟ್ಟೆ), 'ಸೆಉ' (ಸಿಗಡಿ), 'ಮ್ಯೊಲ್ಚಿ' (ಸಾರಿನ ಒಣಮೀನು), 'ಒಮುಕ್' ಎಂಬ ಪದಗಳನ್ನು ಬಿಡಿಬಿಡಿಯಾಗಿ ಹೇಳಬೇಕು. ಕೊರಿಯನ್ ಲಿಪಿಯಲ್ಲಿ ಬರೆದ ಚೀಟಿಯನ್ನು ತೋರಿಸುವುದು ಇನ್ನೂ ಸುಲಭ. ಮಾಂಸ, ಮೊಟ್ಟೆ ಬೇಡವೆಂದು ಹೇಳಿ ಮಾಡಿಸಿಕೊಂಡ ಬಿಬಿಂಬಾಪ್ ಹೆಚ್ಚು ನಂಬಬಹುದಾದ ಊಟ. ಅದರ ಚಟ್ನಿಯಲ್ಲಿಯೂ ಕೆಲವೆಡೆ ಮಾಂಸದ ಚೂರುಗಳನ್ನು ಹುರಿದು ಹಾಕುವುದರಿಂದ ಒಮ್ಮೆ ಕೇಳುವುದು ಒಳ್ಳೆಯದು. ತಿನಿಸುಗಳಲ್ಲಿ ಬೇಯಿಸಿದ ಜೋಳದ ತೆನೆ, ಸುಟ್ಟ ಗೆಣಸು, ಚೆಸ್ಟ್‌ನಟ್‌ಗಳನ್ನು ಅವಲಂಬಿಸಬಹುದು. ಅಂಟು ಅಕ್ಕಿಯನ್ನು ಕುಟ್ಟಿ, ಹುರಿದ ಸೋಯಾ ಹಿಟ್ಟಿನಲ್ಲಿ ಹೊರಳಿಸಿದ 'ಇಂಜೊಲ್ಮಿ' ಕೂಡ ಅಂತಹುದೇ.

ಕೊರಿಯಾದಲ್ಲಿ ಸಸ್ಯಾಹಾರದ ಪರಂಪರೆಯೇ ಇಲ್ಲವೆಂಬ ಮಾತು ಸರಿಯಲ್ಲ. ಅಲ್ಲಿನ ಬೌದ್ಧ ವಿಹಾರಗಳ ಅಡುಗೆಯಲ್ಲಿ ಮೀನು ಮಾಂಸಗಳಿಲ್ಲ. ಬೆಳ್ಳುಳ್ಳಿ, ಈರುಳ್ಳಿಯ ಜಾತಿಯ ಗಿಡಗಳೂ ವರ್ಜ್ಯ. ಕರ್ನಾಟಕದ ಮಠ, ಬಸದಿಗಳ ಅಡುಗೆ ಬಲ್ಲವರಿಗೆ ಇದು ಹೊಸದಲ್ಲ. ಆದರೆ ಆ ಅಡುಗೆ ಥೀಮ್ ಪಾರ್ಕ್‌ಗಳ ಸಾಮಾನ್ಯ ಭೋಜನಶಾಲೆಗಳಿಗೆ ಬಂದಿಲ್ಲ. ಇದು ಖೇದಕರ.

ಬೆಲೆ, ಹೊತ್ತು ಮತ್ತು ಬುತ್ತಿ

ಉದ್ಯಾನದ ಒಳಗಿನ ಬೆಲೆ ಹೊರಗಿನ ಪೇಟೆಗಿಂತ ಹೆಚ್ಚು ಎಂಬ ದೂರು ಕೊರಿಯಾದಲ್ಲಿಯೂ ಸಾಮಾನ್ಯ. ಪ್ರವಾಸಿ ತಾಣಗಳ ದುಬಾರಿ ದರಕ್ಕೆ ಅಲ್ಲಿ 'ಬಗಾಜಿ' ಎನ್ನುತ್ತಾರೆ. ಪದದ ಮೂಲಾರ್ಥ ಸೋರೆಬುರುಡೆಯ ಬಟ್ಟಲು. ನಾಲ್ವರ ಕುಟುಂಬವು ಎರಡು ಹೊತ್ತೂ ಒಳಗೇ ಉಂಡರೆ ಖರ್ಚು ಪ್ರವೇಶಧನಕ್ಕೆ ಪೈಪೋಟಿ ಕೊಡುವಷ್ಟಾಗಬಹುದು. ಬೆಳಗಿನ ತಿಂಡಿಯನ್ನು ಊರಿನಲ್ಲೇ ಮುಗಿಸಿ, ಮಧ್ಯಾಹ್ನ ಒಂದು ಸರಿಯಾದ ಊಟ ಮಾಡಿ, ಉಳಿದುದನ್ನು ಹಣ್ಣು ಬಿಸ್ಕತ್ತುಗಳಲ್ಲಿ ನಿಭಾಯಿಸುವುದು ಅಲ್ಲಿನವರೇ ಅನುಸರಿಸುವ ದಾರಿ. ಬುತ್ತಿ ಒಯ್ಯುವ ಬಗ್ಗೆ ಪ್ರತಿಯೊಂದು ಉದ್ಯಾನಕ್ಕೂ ತನ್ನದೇ ನಿಯಮವಿದ್ದು, ಕಾಲಕಾಲಕ್ಕೆ ಬದಲಾಗುತ್ತದೆ. ಹೊರಡುವ ಮೊದಲು ಆಯಾ ಉದ್ಯಾನದ ಅಧಿಕೃತ ಪ್ರಕಟಣೆಯನ್ನು ನೋಡಬೇಕು.

ಮಧ್ಯಾಹ್ನ 12ರಿಂದ 1.30ರವರೆಗೆ ಭೋಜನಶಾಲೆಗಳು ಕಿಕ್ಕಿರಿದಿರುತ್ತವೆ. ಮೇ 5ರ ಮಕ್ಕಳ ದಿನ, ಶಾಲಾ ಪ್ರವಾಸಗಳ ವಸಂತ ಮತ್ತು ಶರತ್ಕಾಲಗಳಲ್ಲಿ ಇದು ಇನ್ನೂ ಹೆಚ್ಚು. 11 ಗಂಟೆಗೇ ಉಂಡವರು ಎಲ್ಲರೂ ಉಣ್ಣಲು ಹೋದಾಗ ಸವಾರಿಗಳ ಚಿಕ್ಕ ಸರದಿಯ ಲಾಭವನ್ನೂ ಪಡೆಯುತ್ತಾರೆ.

ಬಹುಪಾಲು ಕಡೆ ಊಟವನ್ನು ಯಂತ್ರದ ಪರದೆಯಲ್ಲಿ ಆರಿಸಿ, ಹಣ ಕಟ್ಟಿ, ಸಂಖ್ಯೆ ಬಂದಾಗ ತಾವೇ ತಟ್ಟೆ ತರಬೇಕು. ಕುಡಿಯುವ ನೀರಿಗೆ ಹಣವಿಲ್ಲ, ಆದರೆ ಅದನ್ನೂ ತಾವೇ ಹಿಡಿದುಕೊಳ್ಳಬೇಕು. ಗೋಡೆಯ ಮೇಲೆ 'ಸೆಲ್ಪು' ಎಂದು ಬರೆದಿದ್ದರೆ ಅದು 'ಸೆಲ್ಫ್' ಎಂಬ ಇಂಗ್ಲಿಷ್ ಪದದ ಕೊರಿಯನ್ ರೂಪ. ಬಡಿಸಿದವರಿಗೆ ಭಕ್ಷೀಸು ಕೊಡುವ ಪದ್ಧತಿಯಿಲ್ಲ. ಅನ್ನವನ್ನು ಚಮಚದಲ್ಲಿಯೂ ವ್ಯಂಜನಗಳನ್ನು ಲೋಹದ ಕಡ್ಡಿಗಳಲ್ಲಿಯೂ ತಿನ್ನುತ್ತಾರೆ, ಬಟ್ಟಲನ್ನು ಕೈಗೆತ್ತಿಕೊಳ್ಳುವುದಿಲ್ಲ. ಉಂಡ ಮೇಲೆ ತಟ್ಟೆಯನ್ನು 'ತ್ವೆಶಿಕ್‌ಗು' ಎಂದು ಬರೆದ ಕಿಂಡಿಗೆ ಒಯ್ದು ಕೊಡಬೇಕು. ಆಹಾರದ ತ್ಯಾಜ್ಯವನ್ನು ನೇರವಾಗಿ ನೆಲದಲ್ಲಿ ಹೂಳುವುದನ್ನು ಆ ದೇಶವು 2005ರಲ್ಲಿ ನಿಷೇಧಿಸಿದ್ದು, ಉಳಿದ ಅನ್ನ ಸಾರುಗಳನ್ನು ಬೇರೆಯಾಗಿ, ಕಾಗದ ಪ್ಲಾಸ್ಟಿಕ್‌ಗಳನ್ನು ಬೇರೆಯಾಗಿ ಹಾಕುವ ಡಬ್ಬಿಗಳು ಅಲ್ಲಿಯೇ ಪಕ್ಕದಲ್ಲಿರುತ್ತವೆ.